ಬೆಂಕಿಯ ಮೊದಲ ಐದು ನಿಮಿಷ ಯಾರ ಅಧಿಕಾರದಲ್ಲಿ?

ಬೆಂಕಿಯ ಪಾಠ ಮಾಡುವಾಗ ನಾವು ಶಿಕ್ಷಕರು ಕಪ್ಪುಹಲಗೆಯ ಮೇಲೆ ಒಂದು ತ್ರಿಕೋನ ಬರೆಯುತ್ತೇವೆ. ಒಂದು ಬಾಹು ಉರುವಲು, ಇನ್ನೊಂದು ಆಕ್ಸಿಜನ್, ಮೂರನೆಯದು ಉಷ್ಣ. ಯಾವುದಾದರೂ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ ಎಂದು ಹೇಳಿ ಪಾಠ ಮುಗಿಸುತ್ತೇವೆ. ಪಾಠ ತಪ್ಪಲ್ಲ. ಆದರೆ ಆ ತ್ರಿಕೋನದಲ್ಲಿ ಕಾಲ ಎಂಬ ಪರಿಮಾಣಕ್ಕೆ ಜಾಗವಿಲ್ಲ. ಬೆಂಕಿ ಹತ್ತಿದ ಮೊದಲ ನಿಮಿಷಕ್ಕೂ ಹತ್ತನೆಯ ನಿಮಿಷಕ್ಕೂ ಇರುವ ವ್ಯತ್ಯಾಸವನ್ನು ಅದು ತೋರಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಬೆಂಕಿಗೆ ಸಂಬಂಧಿಸಿದ ಕಾನೂನುಗಳನ್ನು ಓದಿದಾಗಲೂ ಇದೇ ಕೊರತೆ ಕಾಣುತ್ತದೆ. ಅವುಗಳಲ್ಲಿ ಇಲಾಖೆಗಳಿವೆ, ಅಧಿಕಾರಿಗಳಿದ್ದಾರೆ, ಕಟ್ಟಡದ ಎತ್ತರವಿದೆ. ಗಡಿಯಾರ ಮಾತ್ರ ಇಲ್ಲ. ಬೆಳಗಾವಿ ನಗರ ಮತ್ತು ಅದರ ನೆರೆಯ ಖಾನಾಪುರ ತಾಲ್ಲೂಕನ್ನು ಎದುರಿಗಿಟ್ಟುಕೊಂಡು ಈ ಕಾನೂನುಗಳನ್ನು ಭೌತಶಾಸ್ತ್ರದ ಕಣ್ಣಿನಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾರಿಗೆ ಯಾವ ಅಧಿಕಾರ?

1956ಕ್ಕೆ ಮೊದಲು ಬೆಳಗಾವಿ ಮುಂಬೈ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಪುರಸಭಾ ಕಾನೂನುಗಳಲ್ಲಿ ಬೀದಿದೀಪ, ಚರಂಡಿ, ಕಸ ತೆಗೆಯುವುದರ ಜೊತೆಗೆ ಬೆಂಕಿ ನಂದಿಸುವುದೂ ಪುರಸಭೆಯ ಕರ್ತವ್ಯಗಳಲ್ಲಿ ಒಂದಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ದಾರಿ ಕವಲೊಡೆಯಿತು. ಬೆಳಗಾವಿಯಿಂದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದ ಕೊಲ್ಲಾಪುರದಲ್ಲಿ ಇಂದಿಗೂ ಅಗ್ನಿಶಾಮಕ ದಳ ಮಹಾನಗರಪಾಲಿಕೆಯದೇ. ಇತ್ತ ನಮ್ಮಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮ ಇಡೀ ರಾಜ್ಯಕ್ಕೆ ಒಂದೇ ದಳವನ್ನು ಮಾಡಿ ಗೃಹ ಇಲಾಖೆಯ ಅಡಿಯಲ್ಲಿಟ್ಟಿತು.

ಹನ್ನೆರಡು ವರ್ಷಗಳ ನಂತರ ಬಂದದ್ದು 1976ರ ಪೌರ ನಿಗಮಗಳ ಅಧಿನಿಯಮ. ಬೆಳಗಾವಿ ಮಹಾನಗರಪಾಲಿಕೆ ನಡೆಯುವುದು ಅದರ ಪ್ರಕಾರ. ಕಟ್ಟಡಕ್ಕೆ ಪರವಾನಗಿ ಕೊಡುವುದು, ಕಟ್ಟಿ ಮುಗಿದ ಮೇಲೆ ವಾಸಕ್ಕೆ ಅನುಮತಿ ಕೊಡುವುದು (310ನೇ ಪ್ರಕರಣ), ಅಕ್ರಮ ಕಟ್ಟಡ ಕೆಡವಲು ಆದೇಶಿಸುವುದು (321), ವ್ಯಾಪಾರಕ್ಕೆ ಲೈಸೆನ್ಸ್ ಕೊಡುವುದು (353) ಎಲ್ಲವೂ ಪಾಲಿಕೆಯ ಕೈಯಲ್ಲಿವೆ. ಬೀದಿಯ ಅಗಲ, ಬೀದಿಯ ಮೇಲಿನ ಅತಿಕ್ರಮಣ ಕೂಡ ಪಾಲಿಕೆಯ ವ್ಯಾಪ್ತಿಯವೇ.

ಇದಾದ ಮೇಲೆ 1992ರಲ್ಲಿ ಸಂವಿಧಾನದ 74ನೇ ತಿದ್ದುಪಡಿ ಬಂತು. ಅದರ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಿದೆ. ಏಳನೆಯದು ಅಗ್ನಿಶಾಮಕ ಸೇವೆ. ಕರ್ನಾಟಕ ಸರ್ಕಾರ ಹದಿನೇಳನ್ನು ವಹಿಸಿಕೊಟ್ಟು ಒಂದನ್ನು ತನ್ನ ಬಳಿ ಇಟ್ಟುಕೊಂಡಿತು. ಉಳಿದ ಆ ಒಂದು ಇದೇ. ಸಂವಿಧಾನದ ಭಾಷೆಯಲ್ಲಿ ರಾಜ್ಯ 'ವಹಿಸಬಹುದು' ಎಂದಷ್ಟೇ ಇರುವುದರಿಂದ ಇದರಲ್ಲಿ ಕಾನೂನಿನ ಉಲ್ಲಂಘನೆ ಇಲ್ಲ.

ಹೀಗಾಗಿ ಇಂದಿನ ಸ್ಥಿತಿ ಇದು: ಬೆಂಕಿ ಹತ್ತುವ ತನಕದ ಅಧಿಕಾರಗಳು ಬಹುತೇಕ ನಗರಾಭಿವೃದ್ಧಿ ಇಲಾಖೆಯ ಕಡೆಗೆ, ಹತ್ತಿದ ನಂತರದವು ಗೃಹ ಇಲಾಖೆಯ ಕಡೆಗೆ. ಬೆಳಗಾವಿಯಲ್ಲಿ ಇದಿಷ್ಟೇ ಅಲ್ಲ. ಕ್ಯಾಂಪ್ ಪ್ರದೇಶಕ್ಕೆ ದಂಡುಮಂಡಳಿ ಬೇರೆ, ಹೊಸ ಬಡಾವಣೆಗಳಿಗೆ ನಗರಾಭಿವೃದ್ಧಿ ಪ್ರಾಧಿಕಾರ ಬೇರೆ, ವಿದ್ಯುತ್ತಿಗೆ ಹೆಸ್ಕಾಂ ಬೇರೆ, ಕಾರ್ಖಾನೆಗಳಿಗೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ ಬೇರೆ. 2024ರ ಆಗಸ್ಟ್ 6ರ ರಾತ್ರಿ ನಗರದ ಹೊರಗಿನ ನಾವಗೆ ಗ್ರಾಮದ ಬಳಿ ಅಂಟುಪಟ್ಟಿ ತಯಾರಿಸುವ ಕಾರ್ಖಾನೆಯೊಂದು ಹೊತ್ತಿ ಉರಿದು ಲಿಫ್ಟಿನಲ್ಲಿ ಸಿಕ್ಕಿಕೊಂಡ ಯುವ ಕಾರ್ಮಿಕನೊಬ್ಬ ಸತ್ತ. ಕಾರ್ಖಾನೆ ಪಾಲಿಕೆಯ ಗಡಿಯ ಹೊರಗಿದ್ದರೂ ನಂದಿಸಲು ಗಾಡಿಗಳು ಹೊರಡುವುದು ನಗರದಿಂದಲೇ. ಬೆಂಕಿಗೆ ಗಡಿಯ ಪರಿವೆ ಇಲ್ಲವೆಂಬುದು ಹಳೆಯ ಮಾತು; ಆದರೆ ಲಿಫ್ಟಿನ ಬಾವಿ ಹೊಗೆಗೆ ಚಿಮಣಿಯಾಗುತ್ತದೆ ಎಂಬುದನ್ನು ನೋಡಬೇಕಾದವರು ಯಾರು ಎಂದು ಕೇಳಿದರೆ, ನಾಲ್ಕು ಕಚೇರಿಗಳು ಇನ್ನೊಂದರ ಕಡೆ ಬೆರಳು ತೋರಿಸುವಂತೆ ನಮ್ಮ ಕಾನೂನು ರಚನೆಯಾಗಿದೆ.

ಕಾಲದ ವರ್ಗಕ್ಕೆ ಅನುಪಾತದಲ್ಲಿ

ಈಗ ಭೌತಶಾಸ್ತ್ರಕ್ಕೆ ಬರೋಣ. ಬೆಳೆಯುತ್ತಿರುವ ಬೆಂಕಿಯ ಉಷ್ಣ ಬಿಡುಗಡೆಯ ದರ ಸ್ಥೂಲವಾಗಿ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಅಗ್ನಿ ಎಂಜಿನಿಯರಿಂಗ್‌ನಲ್ಲಿ ಲೆಕ್ಕ ಹಾಕುತ್ತಾರೆ: Q = αt². 'ಶೀಘ್ರ' ವರ್ಗದ ಬೆಂಕಿಗೆ α ಬೆಲೆ 0.0469 ಕಿಲೋವಾಟ್ ಪ್ರತಿ ಸೆಕೆಂಡ್ ವರ್ಗಕ್ಕೆ. ರಟ್ಟಿನ ಪೆಟ್ಟಿಗೆಗಳ ರಾಶಿ, ಫೋಮ್ ತುಂಬಿದ ಆಸನಗಳು ಈ ವರ್ಗಕ್ಕೆ ಅಥವಾ ಇದಕ್ಕೂ ವೇಗದ ವರ್ಗಕ್ಕೆ ಸೇರುತ್ತವೆ. ಇಂಥ ಬೆಂಕಿ ಎರಡೂವರೆ ನಿಮಿಷದಲ್ಲಿ ಸುಮಾರು 1 ಮೆಗಾವಾಟ್ ಮುಟ್ಟುತ್ತದೆ. ಐದು ನಿಮಿಷಕ್ಕೆ 4.2 ಮೆಗಾವಾಟ್. ಹತ್ತು ನಿಮಿಷಕ್ಕೆ, ಉರುವಲೂ ಗಾಳಿಯೂ ಸಾಲುವುದಾದರೆ, ಸುಮಾರು 17 ಮೆಗಾವಾಟ್.

ಗಾಳಿ ಸಾಲುತ್ತದೆಯೆ? ಅದಕ್ಕೂ ಒಂದು ಸರಳ ಸೂತ್ರವಿದೆ. ಜಪಾನಿನ ಕವಗೊಯೆ 1950ರ ದಶಕದಲ್ಲಿ ತೋರಿಸಿದಂತೆ, ಉರಿಯುವ ಕೋಣೆಯೊಳಗೆ ಬಾಗಿಲಿನಿಂದ ಬರುವ ಗಾಳಿಯ ಪ್ರಮಾಣ ಬಾಗಿಲಿನ ವಿಸ್ತೀರ್ಣವನ್ನು ಅದರ ಎತ್ತರದ ವರ್ಗಮೂಲದಿಂದ ಗುಣಿಸಿದ ಸಂಖ್ಯೆಗೆ (A√H) ಅನುಪಾತದಲ್ಲಿರುತ್ತದೆ. ಆ ಗಾಳಿಯಲ್ಲಿರುವ ಆಕ್ಸಿಜನ್ ಪೂರ್ತಿ ಬಳಕೆಯಾದರೆ ಕೋಣೆಯೊಳಗೆ ಬಿಡುಗಡೆಯಾಗಬಲ್ಲ ಗರಿಷ್ಠ ಉಷ್ಣ ಸುಮಾರು 1.5 A√H ಮೆಗಾವಾಟ್. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಸಾಧಾರಣ ಬಾಗಿಲಿಗೆ ಇದು 4.2 ಮೆಗಾವಾಟ್ ಆಗುತ್ತದೆ. ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಅಂಗಡಿಯ ಶಟರ್ ಪೂರ್ತಿ ಎತ್ತಿದ್ದರೆ ಸುಮಾರು 18 ಮೆಗಾವಾಟ್. ಅಂದರೆ ಮನೆಯ ಕೋಣೆಯ ಬೆಂಕಿಯನ್ನು ಐದನೆಯ ನಿಮಿಷದಲ್ಲಿ ಬಾಗಿಲೇ ತಡೆದು ನಿಲ್ಲಿಸುತ್ತದೆ. ಅಂಗಡಿಯ ಬೆಂಕಿ ಹತ್ತನೆಯ ನಿಮಿಷದವರೆಗೂ ಲಗಾಮಿಲ್ಲದೆ ಬೆಳೆಯುತ್ತದೆ. ಮನೆಗೂ ಅಂಗಡಿಗೂ ಇಷ್ಟು ಅಂತರ. ಆದರೂ ಹಳೆಯ ಪೇಟೆಯಲ್ಲಿ ಕೆಳಗೆ ಅಂಗಡಿ, ನಡುವೆ ಗೋದಾಮು, ಮೇಲೆ ಮನೆ ಇರುವುದು ವಿಶೇಷವೇನಲ್ಲ. ಅಂಥ ಕಟ್ಟಡಕ್ಕೆ ಇಳಿಯಲು ದಾರಿ ಒಂದೇ, ಅದೂ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು.

ರಾಷ್ಟ್ರಮಟ್ಟದ ಅಗ್ನಿ ಸಲಹಾ ಸಮಿತಿ ಗಾಡಿ ಸ್ಥಳ ಮುಟ್ಟಲು ನಗರದಲ್ಲಿ 5ರಿಂದ 7 ನಿಮಿಷ, ಗ್ರಾಮಾಂತರದಲ್ಲಿ 20 ನಿಮಿಷ ಎಂದು ಶಿಫಾರಸು ಮಾಡಿದೆ. ಇದಕ್ಕೆ ಬೆಂಕಿಯನ್ನು ಯಾರೋ ಗಮನಿಸುವ ಹೊತ್ತು, ಕರೆ ಮಾಡುವ ಹೊತ್ತು, ಪೈಪು ಬಿಚ್ಚುವ ಹೊತ್ತು ಸೇರಿಸಿದರೆ ಅತ್ಯುತ್ತಮ ನಗರದಲ್ಲೂ ನೀರು ಬೆಂಕಿಗೆ ಬೀಳುವುದು ಹತ್ತನೆಯ ನಿಮಿಷದ ಸುಮಾರಿಗೆ. ಆದ್ದರಿಂದ ಅಗ್ನಿಶಾಮಕ ದಳ ಎಷ್ಟೇ ಚುರುಕಾಗಿದ್ದರೂ ಮೊದಲ ಐದು ನಿಮಿಷ ಅದರದ್ದಲ್ಲ. ಆ ಐದು ನಿಮಿಷಗಳಲ್ಲಿ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಮೆಟ್ಟಿಲಿನ ಅಗಲ, ಬಾಗಿಲಿನ ಚಿಲಕ, ಗೋಡೆಗೆ ಹೊದಿಸಿದ ವಸ್ತು, ವೈರಿಂಗ್. ಇವೆಲ್ಲ ಪರವಾನಗಿ ಕೊಟ್ಟ ದಿನವೇ ತೀರ್ಮಾನವಾಗಿ ಹೋಗಿರುತ್ತವೆ. ಪರವಾನಗಿ ಪಾಲಿಕೆಯದು.

ಎತ್ತರವೆಂಬ ಅಳತೆಗೋಲು

ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಮುಂಬೈ ಕಾಲದ ಪುರಸಭಾ ಕಾನೂನುಗಳು ಹುಲ್ಲು, ಎಲೆ, ಚಾಪೆಗಳಂಥ ಸುಲಭವಾಗಿ ಹೊತ್ತುವ ವಸ್ತುಗಳಿಂದ ಚಾವಣಿ ಮತ್ತು ಹೊರಗೋಡೆ ಕಟ್ಟುವುದನ್ನು ನಿರ್ಬಂಧಿಸುವ ಅಧಿಕಾರ ಕೊಟ್ಟಿದ್ದವು. ಆ ಕಾನೂನು ಬರೆದವರಿಗೆ α ಗೊತ್ತಿರಲಿಲ್ಲ, ಆದರೆ ಅವರು ಹಿಡಿದದ್ದು ಅದನ್ನೇ. ಇಂದಿನ ವ್ಯವಸ್ಥೆ ವಸ್ತುವನ್ನು ಬಿಟ್ಟು ಎತ್ತರವನ್ನು ಹಿಡಿದುಕೊಂಡಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕೂ ಎತ್ತರದ ಕಟ್ಟಡಗಳನ್ನು ಬಹುಮಹಡಿ ಎಂದು ಕರೆಯುತ್ತದೆ. ರಾಜ್ಯಗಳು ಈ ಅಂಕಿಯನ್ನು ತಮಗೆ ಬೇಕಾದಂತೆ ಹಿಂದೆ ಮುಂದೆ ಸರಿಸುತ್ತ ಬಂದಿವೆ. ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಸತ್ತ ನಂತರ, 2011ರಲ್ಲಿ ರಾಜ್ಯ ಸರ್ಕಾರ 1964ರ ಅಧಿನಿಯಮದ 13ನೇ ಪ್ರಕರಣದ ಅಡಿಯಲ್ಲಿ ಎತ್ತರದ ಕಟ್ಟಡಗಳಿಗೆ ಮುನ್ನೆಚ್ಚರಿಕೆಯ ಕ್ರಮಗಳನ್ನು ವಿಧಿಸಿತು. ಒಳ್ಳೆಯದೇ. ಆದರೆ ಕಾರ್ಲ್ಟನ್‌ನಲ್ಲಿ ಜನರನ್ನು ಕೊಂದದ್ದು ಎತ್ತರಕ್ಕಿಂತ ಹೆಚ್ಚಾಗಿ ಹೊಗೆ ಮತ್ತು ಮುಚ್ಚಿದ ದಾರಿ.

ಹೊಗೆ ಮತ್ತು ದಾರಿಯ ಲೆಕ್ಕದಲ್ಲಿ 9 ಮೀಟರ್ ಎತ್ತರದ ಕಟ್ಟಡ ಸುರಕ್ಷಿತವೆಂದು ಹೇಳಲು ಯಾವ ಆಧಾರವೂ ಇಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸತ್ತರು. ಅಲ್ಲಿ ಕೊಂದದ್ದು ಗರಿ ಹೊದಿಸಿದ ಚಾವಣಿ. 2019ರ ಮೇ 24ರಂದು ಸೂರತ್‌ನಲ್ಲಿ ತರಬೇತಿ ತರಗತಿಗೆ ಬಂದಿದ್ದ 22 ವಿದ್ಯಾರ್ಥಿಗಳು ಸತ್ತರು. ಎರಡೂ ಗಗನಚುಂಬಿಗಳಲ್ಲ. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು 92 ಜನರನ್ನು, ಹೆಚ್ಚಾಗಿ ಮಕ್ಕಳನ್ನು, ಬಲಿ ತೆಗೆದುಕೊಂಡ ವೀನಸ್ ಸರ್ಕಸ್ಸಂತೂ ಬರೀ ಬಟ್ಟೆಯ ಡೇರೆ.

ನಮ್ಮ ಊರುಗಳಲ್ಲಿ ಎರಡನೆಯ ಮಹಡಿಯ ಟ್ಯೂಷನ್ ತರಗತಿಯನ್ನು ನೆನೆಸಿಕೊಳ್ಳಿ. 120 ವಿದ್ಯಾರ್ಥಿಗಳು, ಒಂದು ಮೀಟರ್ ಅಗಲದ ಒಂದೇ ಮೆಟ್ಟಿಲು. ಇಷ್ಟು ಅಗಲದ ಮೆಟ್ಟಿಲಿನಲ್ಲಿ ಸೆಕೆಂಡಿಗೆ ಒಬ್ಬರಿಗಿಂತ ಹೆಚ್ಚು ಜನ ಇಳಿಯಲಾರರು. ಇಕ್ಕೆಲಗಳಲ್ಲಿ ಕೈಗಂಬಿಗೆ ತಗಲದಂತೆ ಬಿಡುವ ಜಾಗ ಲೆಕ್ಕ ಹಾಕಿದರೆ ಇನ್ನೂ ಕಡಿಮೆ. ಅಂದರೆ ಇಳಿಯಲು ಕನಿಷ್ಠ 120 ಸೆಕೆಂಡು. ಅದಕ್ಕೆ ಮೊದಲು ಗಮನಿಸುವುದು, ನಂಬುವುದು, ಚೀಲ ಎತ್ತಿಕೊಳ್ಳುವುದು. ಕೆಳಗಿನ ಬೆಂಕಿ 1 ಮೆಗಾವಾಟ್ ಮುಟ್ಟುವ 150 ಸೆಕೆಂಡುಗಳಲ್ಲಿ ಉಳಿದದ್ದು ಬರೀ 30. ಮೆಟ್ಟಿಲನ್ನು ಸಂಹಿತೆ ಹೇಳುವ ಒಂದೂವರೆ ಮೀಟರಿಗೆ ಅಗಲಿಸಿದರೆ ಇಳಿಯುವ ಹೊತ್ತು 80 ಸೆಕೆಂಡಿಗೆ ಬರುತ್ತದೆ. ಆ 40 ಸೆಕೆಂಡುಗಳನ್ನು ಕೊಡಲು ಯಾವ ಅಗ್ನಿಶಾಮಕ ವಾಹನಕ್ಕೂ ಸಾಧ್ಯವಿಲ್ಲ. ಕಟ್ಟಡ ಅಂಗಡಿಗೆಂದು ಅನುಮತಿ ಪಡೆದು ಆಮೇಲೆ ತರಗತಿಯಾದಾಗ ಇದನ್ನು ನೋಡಿ ತಡೆಯುವ ಅಧಿಕಾರ 353ನೇ ಪ್ರಕರಣದ ಲೈಸೆನ್ಸಿನಲ್ಲಾಗಲಿ 310ರ ಪ್ರಮಾಣಪತ್ರದಲ್ಲಾಗಲಿ ಇರಲೇಬೇಕು. ಆದರೆ ಜನಸಂಖ್ಯೆ ಮತ್ತು ಇಳಿಯುವ ಹೊತ್ತು ಎಂಬ ಎರಡು ಅಂಕಿಗಳನ್ನು ಕೇಳುವ ರೂಢಿಯೇ ಬೆಳೆದಿಲ್ಲ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಸಿಬ್ಬಂದಿಯ ನೆನಪಿಗೆ. ಮಕ್ಕಳು ಸಾಲಾಗಿ ನಿಂತು ನೀರಿನ ಕಾರಂಜಿ ನೋಡಿ ಚಪ್ಪಾಳೆ ತಟ್ಟುತ್ತಾರೆ. ಮೆಟ್ಟಿಲು ಅಳೆದದ್ದನ್ನು ನಾನು ಕಂಡಿಲ್ಲ.

ಗಲ್ಲಿಯ ಅಗಲ

ಗಲ್ಲಿ ಕಿರಿದಾದರೆ ಗಾಡಿ ಒಳಗೆ ಹೋಗುವುದಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಮೇಲೆ ಹೇಳಿದ ಅಂಗಡಿಯ ಬಾಯಿಯನ್ನು 800 ಡಿಗ್ರಿ ಸೆಲ್ಸಿಯಸ್‌ನ ಕಪ್ಪುಕಾಯ ಎಂದು ಭಾವಿಸಿ ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮ ಅನ್ವಯಿಸಿದರೆ ಅದು ಪ್ರತಿ ಚದರ ಮೀಟರಿಗೆ ಸುಮಾರು 75 ಕಿಲೋವಾಟ್ ವಿಕಿರಣ ಹೊರಸೂಸುತ್ತದೆ. ಎದುರುಗಡೆಯ ಗೋಡೆಯ ಮೇಲೆ ಬೀಳುವ ಪಾಲನ್ನು ಜ್ಯಾಮಿತಿಯಿಂದ ಲೆಕ್ಕ ಹಾಕಬಹುದು. ಗಲ್ಲಿ 3 ಮೀಟರ್ ಅಗಲವಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 15.6 ಕಿಲೋವಾಟ್; 4 ಮೀಟರಿಗೆ 9.7, 6 ಮೀಟರಿಗೆ 4.7. ಕಿಡಿ ತಗಲಿದರೆ ಮರ ಹೊತ್ತಿಕೊಳ್ಳಲು ಬೇಕಾದ ಮಿತಿ ಸುಮಾರು 12.5. ಮೂರು ಮೀಟರಿನ ಗಲ್ಲಿಯಲ್ಲಿ ಎದುರಿನ ಅಂಗಡಿಯ ಮರದ ಫಲಕ, ಬಟ್ಟೆಯ ಪರದೆ ಹೊತ್ತುತ್ತವೆ. ನಾಲ್ಕು ಮೀಟರಿನಲ್ಲಿ ಉಳಿದುಕೊಳ್ಳುವ ಸಾಧ್ಯತೆಯಿದೆ. ಇದು ಜ್ವಾಲೆ ಹೊರಗೆ ಚಾಚದಿದ್ದಾಗಿನ ಲೆಕ್ಕ. ಚಾಚಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಎರಡೂ ಕಡೆ ಅರ್ಧರ್ಧ ಮೀಟರ್ ಮುಂದೆ ಚಾಚಿದ ಅಂಗಡಿಗಳು ನಾಲ್ಕು ಮೀಟರಿನ ಗಲ್ಲಿಯನ್ನು ಮೂರಕ್ಕೆ ಇಳಿಸುತ್ತವೆ. ಖಡೇಬಜಾರ್, ಗಣಪತ ಗಲ್ಲಿಗಳ ಸುತ್ತಲಿನ ಪೇಟೆಯಲ್ಲಿ ಅತಿಕ್ರಮಣ ತೆರವು ಎಂದರೆ ಸಂಚಾರದ ಪ್ರಶ್ನೆ ಎಂದೇ ಎಲ್ಲರೂ ತಿಳಿದಿದ್ದಾರೆ. ಅದು ವಿಕಿರಣದ ಪ್ರಶ್ನೆಯೂ ಹೌದು.

ನೀರು ಎಲ್ಲಿದೆ?

ಒಂದು ಲೀಟರ್ ನೀರು 20 ಡಿಗ್ರಿಯಿಂದ ಕುದಿದು ಪೂರ್ತಿ ಆವಿಯಾಗುವಾಗ ಸುಮಾರು 2.6 ಮೆಗಾಜೂಲ್ ಉಷ್ಣ ಹೀರುತ್ತದೆ. ಹೆಚ್ಚಿನ ಪಾಲು ಗುಪ್ತೋಷ್ಣದ್ದು. 17 ಮೆಗಾವಾಟಿನ ಬೆಂಕಿಯ ಉಷ್ಣವನ್ನೆಲ್ಲ ಹೀರಲು ಸೆಕೆಂಡಿಗೆ ಆರೂವರೆ ಲೀಟರ್, ನಿಮಿಷಕ್ಕೆ 390 ಲೀಟರ್ ಬೇಕು. ಎಲ್ಲ ಹನಿಯೂ ಬೆಂಕಿಯ ಮೇಲೆ ಬೀಳುವುದಿಲ್ಲ. ಮೂರರಲ್ಲೊಂದು ಪಾಲು ಉಪಯೋಗಕ್ಕೆ ಬಂತೆಂದು ಇಟ್ಟುಕೊಂಡರೆ ನಿಮಿಷಕ್ಕೆ ಸುಮಾರು 1,170 ಲೀಟರ್. ಸಾಮಾನ್ಯವಾಗಿ ಬಳಕೆಯಲ್ಲಿರುವ ಗಾಡಿಯ ತೊಟ್ಟಿ 4,500 ಲೀಟರಿನದು. ನಾಲ್ಕು ನಿಮಿಷ ತುಂಬುವ ಮೊದಲೇ ಖಾಲಿ. ಆಮೇಲೆ?

ಆಮೇಲಿನ ಉತ್ತರ ಬೀದಿಯ ಅಗ್ನಿನಳ್ಳಿಯಲ್ಲಿರಬೇಕು. ಬೆಳಗಾವಿಗೆ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ದಿನ ಬಿಟ್ಟು ದಿನ ಗಂಟೆಗಳ ಲೆಕ್ಕದಲ್ಲಿ ನೀರು ಬಿಡುವ ವ್ಯವಸ್ಥೆಯಲ್ಲಿ ಅಗ್ನಿನಳ್ಳಿಗೆ ಅರ್ಥವಿಲ್ಲ. ಬೆಂಕಿ ನೀರಿನ ಸರದಿ ನೋಡಿ ಹತ್ತುವುದಿಲ್ಲ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ನಗರದ ಕೆಲವು ಭಾಗಗಳಲ್ಲಿ ದಿನದ 24 ಗಂಟೆಯೂ ನೀರು ಬಂತು. ಅದರ ಚರ್ಚೆಯೆಲ್ಲ ಮೀಟರು ಮತ್ತು ಬಿಲ್ಲಿನ ಸುತ್ತ ನಡೆಯಿತು. ಸದಾ ಒತ್ತಡದಲ್ಲಿರುವ ಕೊಳವೆಯೇ ಅಗ್ನಿಶಾಮಕ ಉಪಕರಣ ಎಂಬ ಮಾತು ಅಪರೂಪ.

ನೀರು ಸರಬರಾಜಿನ ಕೇಂದ್ರ ಕೈಪಿಡಿಯಲ್ಲಿ ಇದಕ್ಕೊಂದು ಸೂತ್ರವಿದೆ. ಸಾವಿರಗಳಲ್ಲಿ ಹೇಳಿದ ಜನಸಂಖ್ಯೆಯ ವರ್ಗಮೂಲವನ್ನು ನೂರರಿಂದ ಗುಣಿಸಿದರೆ ಬೆಂಕಿಗಾಗಿ ಮೀಸಲಿಡಬೇಕಾದ ದಿನದ ನೀರು, ಕಿಲೋಲೀಟರುಗಳಲ್ಲಿ. 2011ರ ಜನಗಣತಿಯ ಪ್ರಕಾರ ಬೆಳಗಾವಿ ನಗರದ ಜನಸಂಖ್ಯೆ ಸುಮಾರು 4.9 ಲಕ್ಷ, 490ರ ವರ್ಗಮೂಲ 22.1, ಅಂದರೆ 2,200 ಕಿಲೋಲೀಟರಿಗೂ ಸ್ವಲ್ಪ ಹೆಚ್ಚು. ಇದರ ಮೂರನೆಯ ಒಂದು ಪಾಲು ಮೇಲ್ತೊಟ್ಟಿಗಳಲ್ಲಿ, ಉಳಿದದ್ದು ಆಯಕಟ್ಟಿನ ಸ್ಥಳಗಳ ತೊಟ್ಟಿಗಳಲ್ಲಿ ಇರಬೇಕು. ಎಲ್ಲಿರಬೇಕು, ಯಾರು ತುಂಬಿಸಬೇಕು ಎಂಬುದು ಅಗ್ನಿಶಾಮಕ ದಳದ ತೀರ್ಮಾನವಾಗಲಾರದು, ಏಕೆಂದರೆ ಕೊಳವೆ ಅವರದಲ್ಲ. 2016ರ ಜನವರಿಯಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಆಯ್ಕೆಯಾಯಿತು. ಯೋಜನೆಯಲ್ಲಿ ರಸ್ತೆ ಅಗೆದಾಗಲೇ ಅಗ್ನಿನಳ್ಳಿಗೆ ಕೊಳವೆ ಹಾಕುವುದು ಅಗ್ಗ. ಕಾಂಕ್ರೀಟು ಸುರಿದ ಮೇಲೆ ಅಲ್ಲ.

ಈ ಸೂತ್ರ ಅನ್ವಯಿಸುವುದು 50 ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಖಾನಾಪುರ ಪಟ್ಟಣದ್ದು 2011ರಲ್ಲಿ 20 ಸಾವಿರದೊಳಗೆ. ಹಾಗಾಗಿ ಖಾನಾಪುರಕ್ಕೆ ಸೂತ್ರವೇ ಇಲ್ಲ.

ಖಾನಾಪುರದ ಲೆಕ್ಕ

ಖಾನಾಪುರ ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್. ಅಲ್ಲಿ ಅಗ್ನಿಶಾಮಕ ಠಾಣೆಯಿದೆ, ಪಟ್ಟಣದ ಮಟ್ಟಿಗೆ ಅದು ಸಾಕೆನ್ನಬಹುದು. ಆದರೆ ತಾಲ್ಲೂಕಿನ ವಿಸ್ತೀರ್ಣ ಸಾವಿರದ ಐನೂರು ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಗ್ರಾಮಾಂತರದಲ್ಲಿ 50 ಚದರ ಕಿಲೋಮೀಟರಿಗೊಂದು ಠಾಣೆ ಎಂಬ ಶಿಫಾರಸನ್ನು ಅಕ್ಷರಶಃ ಪಾಲಿಸಿದರೆ 30 ಠಾಣೆಗಳು ಬೇಕು. ಯಾವ ಸರ್ಕಾರವೂ ಕಟ್ಟಲಾರದು, ಕಟ್ಟಬೇಕಾಗಿಯೂ ಇಲ್ಲ. ತಾಲ್ಲೂಕಿನ ಬಹುಭಾಗ ಕಾಡು, 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮವೂ ಅದರಲ್ಲಿದೆ. ಆದರೂ ಲೋಂಡಾದಲ್ಲಿ ಅಂಗಡಿಸಾಲಿಗೆ ಬೆಂಕಿ ಬಿದ್ದರೆ ಖಾನಾಪುರದ ಗಾಡಿ ಸುಮಾರು 25 ಕಿಲೋಮೀಟರ್ ಹೋಗಬೇಕು. ಗಂಟೆಗೆ 40ರ ವೇಗದಲ್ಲಿ 37 ನಿಮಿಷ. αt² ಸೂತ್ರ ಅಲ್ಲಿ ಅನ್ವಯಿಸುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಉರಿಯಲು ಏನೂ ಉಳಿದಿರುವುದಿಲ್ಲ. ಬೇಸಗೆಯಲ್ಲಿ ತಂತಿಯ ಕಿಡಿ ಬಿದ್ದು ಹೊತ್ತುವ ಕಬ್ಬಿನ ರವದಿಯದೂ ಇದೇ ಕತೆ.

ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಗಳಿಗೆ ಅಗ್ನಿಶಾಮಕ ಸೇವೆಯ ಹೆಸರಾದರೂ ಇದೆ. ಪಂಚಾಯಿತಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಅದು ಹೆಸರಿಗೂ ಇಲ್ಲ. ಊರ ಕೆರೆಯ ಪಕ್ಕದಲ್ಲಿ ಒಂದು ಸಣ್ಣ ಪಂಪು, ನೂರು ಮೀಟರ್ ಪೈಪು, ಅದನ್ನು ನಡೆಸಬಲ್ಲ ನಾಲ್ಕು ಯುವಕರು ಇದ್ದರೆ ಹತ್ತನೆಯ ನಿಮಿಷದಲ್ಲಿ ನೀರು ಸಿಗುತ್ತದೆ. ಠಾಣೆಗಿಂತ ಎಷ್ಟೋ ಅಗ್ಗ. ಆದರೆ ಅದನ್ನು ಮಾಡಬೇಕೆಂದು ಯಾವ ಪಂಚಾಯಿತಿಗೂ ಹೇಳಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಇಂಥ ಹಣದಲ್ಲಿ ಎತ್ತರದ ಏಣಿಯ ವಾಹನ ಕೊಳ್ಳುವ ಆಸೆ ಸಹಜ. ಜಾಂಬೋಟಿಗೆ ಏಣಿ ಬೇಕಾಗಿಲ್ಲ.

ದಳವನ್ನು ಪಾಲಿಕೆಗೆ ಕೊಡಬೇಕೆ?

ಸಂವಿಧಾನದ ಆಶಯ ಎತ್ತಿ ಹಿಡಿಯುವವರು ಕೊಡಬೇಕೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗುಜರಾತಿನ ರಾಜಕೋಟದಲ್ಲಿ ಅಗ್ನಿಶಾಮಕ ದಳವೂ ಪಾಲಿಕೆಯದೇ, ಕಟ್ಟಡ ಪರವಾನಗಿಯೂ ಪಾಲಿಕೆಯದೇ. 2024ರ ಮೇ 25ರಂದು ಅಲ್ಲಿನ ಆಟದ ಕೇಂದ್ರವೊಂದರಲ್ಲಿ 27 ಜನ ಸುಟ್ಟು ಸತ್ತಾಗ ಆ ಕೇಂದ್ರಕ್ಕೆ ಅಗ್ನಿ ಸುರಕ್ಷತೆಯ ಅನುಮತಿಯೇ ಇರಲಿಲ್ಲ. ಎರಡೂ ಅಧಿಕಾರ ಒಂದೇ ಕೈಯಲ್ಲಿದ್ದರೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೇಲಾಗಿ ಖಾನಾಪುರದಂಥ ಪಟ್ಟಣ ಪಂಚಾಯಿತಿ ಸ್ವಂತ ದಳ ಸಾಕಲಾರದು. ಬೆಳಗಾವಿಯ ಗಾಡಿ ನಾವಗೆಗೆ ಹೋಗಲು ಪಾಲಿಕೆಯ ಗಡಿ ಅಡ್ಡ ಬರಬಾರದು. ದಳ ರಾಜ್ಯದ್ದಾಗಿರುವುದರಿಂದ ಈ ಲಾಭವಿದೆ.

ಬದಲಾಗಬೇಕಾದದ್ದು ಬೇರೆ. 1976ರ ಅಧಿನಿಯಮದಲ್ಲಿ ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಪಟ್ಟಿಗೆ ಮೂರು ಅಂಶಗಳು ಸ್ಪಷ್ಟವಾಗಿ ಬರಬೇಕು: ಬೆಂಕಿಗೆ ಮೀಸಲಾದ ನೀರು ಮತ್ತು ಅಗ್ನಿನಳ್ಳಿ, ಗಲ್ಲಿಗಳ ತೆರವಾದ ಅಗಲ, ಮತ್ತು ಜನ ಸೇರುವ ಪ್ರತಿಯೊಂದು ಕಟ್ಟಡದ ಇಳಿಯುವ ಹೊತ್ತಿನ ಲೆಕ್ಕ. ಮೂರನೆಯದನ್ನು ಎತ್ತರದಿಂದ ಬಿಡಿಸಿ ಜನಸಂಖ್ಯೆಗೆ ಮತ್ತು ಒಳಗಿನ ವಸ್ತುವಿಗೆ ಕಟ್ಟಬೇಕು. ಅಗ್ನಿಶಾಮಕ ದಳ ಆ ಲೆಕ್ಕವನ್ನು ಪರೀಕ್ಷಿಸಬೇಕು. ಸುಳ್ಳಾದರೆ ಲೈಸೆನ್ಸ್ ರದ್ದು ಮಾಡಲು ಪಾಲಿಕೆ ಬದ್ಧವಾಗಿರಬೇಕು. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ತಿದ್ದುವ ಈ ಏರ್ಪಾಡು ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ನಮಗೆ ಹೊಸದೇನಲ್ಲ.

ಶಾಲಾ ಕಟ್ಟಡಗಳ ಅಗ್ನಿ ಸುರಕ್ಷತೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2009ರಲ್ಲೇ ನಿರ್ದೇಶನ ಕೊಟ್ಟಿದೆ. ಅದನ್ನು ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನಲ್ಲಿ ಮುಗಿಸಿದ್ದೇವೆ. ಎಂಟನೆಯ ತರಗತಿಯ ಮಕ್ಕಳಿಗೂ ಒಂದು ಅಳತೆಪಟ್ಟಿ ಮತ್ತು ನಿಲ್ಲುಗಡಿಯಾರ ಸಾಕು. ಮೆಟ್ಟಿಲಿನ ತೆರವಾದ ಅಗಲ ಅಳೆಯಿರಿ, ಗೋಡೆಯಿಂದ ಗೋಡೆಗಲ್ಲ, ಇಟ್ಟಿರುವ ಬೆಂಚು ಕಪಾಟುಗಳನ್ನು ಕಳೆದು. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಬರೆದುಕೊಳ್ಳಿ. ಗಂಟೆ ಬಾರಿಸಿ, ಕೊನೆಯ ಮಗು ಅಂಗಳ ಮುಟ್ಟುವವರೆಗಿನ ಸೆಕೆಂಡುಗಳನ್ನು ಎಣಿಸಿ. ಮರುದಿನ ಒಂದು ಮೆಟ್ಟಿಲನ್ನು ಮುಚ್ಚಿ ಮತ್ತೆ ಎಣಿಸಿ. ಎರಡು ಅಂಕಿಗಳನ್ನೂ 150ರ ಪಕ್ಕದಲ್ಲಿ ಬರೆದು, ಶಾಲೆಯ ಅಭಿವೃದ್ಧಿ ಸಮಿತಿಗೆ ಒಂದು ಪ್ರತಿ, ವಾರ್ಡಿನ ಸದಸ್ಯರಿಗೆ ಅಥವಾ ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು.